ಅತ್ತೆಯ ಎದೆಯ ತಂತಿ

ಕರೆಂಟಿನ ಹೃದಯ ಬಂದ ಮೇಲೆ ನಮ್ಮ ಓಣಿಯಲ್ಲಿ ಸಾವು ಎಷ್ಟು ಕಡಿಮೆಯಾಯಿತೋ ಗೊತ್ತಿಲ್ಲ, ಜಗಳವಂತೂ ಹೆಚ್ಚಾಯಿತು. ‘ನನ್ನ ಬ್ಯಾಟರಿ ಕಿತ್ತು ನಿನ್ನ ಮಿಕ್ಸರ್ ಹಚ್ಚಿದೇನ?’ ಅಂತ ಒಬ್ಬರು. ‘ನಿಮ್ಮ ಎದಿ ಪೀಂ ಪೀಂ ಅನ್ನಾಕತ್ತೈತಿ, ಕೂಸು ಏಳತೈತಿ, ಅತ್ಲಾಗ ಹೋಗ್ರಿ’ ಅಂತ ಇನ್ನೊಬ್ಬರು. ಹುಬ್ಬಳ್ಳಿಯವರು ನಾವು. ಎಂಥಾ ಹೊಸ ವಸ್ತು ಬಂದರೂ ಎಂಟು ದಿನದೊಳಗೆ ಅದನ್ನು ಬೈಯಲು ಶುರು ಮಾಡುತ್ತೇವೆ.

ನಮ್ಮ ಮನೆಗೂ ಒಂದು ಬಂತು. ನಮ್ಮ ಅತ್ತೆ ನೀಲಗಂಗವ್ವನಿಗೆ. ಅವಳ ಸ್ವಂತ ಹೃದಯ ತನ್ನ ಜಾಗದಲ್ಲೇ ಇದೆ, ಆದರೆ ದುಡಿಯುವುದನ್ನು ಹೆಚ್ಚುಕಡಿಮೆ ಬಿಟ್ಟಿದೆ. ಅದರ ಬುಡದಲ್ಲಿ ನಿಂಬೆಹಣ್ಣಿನಷ್ಟು ಪಂಪು ಕೂಡಿಸಿದ್ದಾರೆ. ಪಂಪಿನಿಂದ ಒಂದು ಸಣ್ಣ ತಂತಿ ಹೊಟ್ಟೆಯ ಪಕ್ಕದಿಂದ ಹೊರಗೆ ಬಂದು ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರುತ್ತದೆ. ಡಬ್ಬಿಯಲ್ಲಿ ಬ್ಯಾಟರಿ. ಹದಿನಾಲ್ಕು ವೋಲ್ಟ್, ಅರ್ಧ ಆಂಪಿಯರ್, ಗುಣಿಸಿದರೆ ಏಳು ವ್ಯಾಟ್. ಒಂದು ಸಣ್ಣ ಎಲ್ಇಡಿ ಬಲ್ಬಿಗೆ ಬೇಕಾಗುವಷ್ಟು ಕರೆಂಟಿನಲ್ಲಿ ಇಡೀ ಮನೆಯನ್ನು ಗದರಿಸುವ ಹೆಂಗಸು ಓಡಾಡುತ್ತಿದ್ದಳು.

ಈ ಲೆಕ್ಕವೆಲ್ಲ ನನಗೆ ಬಾಯಿಪಾಠ. ನನ್ನ ಕೆಲಸವೇ ಅದು. ನವನಗರದ ಆಚೆ ಇರುವ ಹೃದಯ ನಿಗಾ ಕೇಂದ್ರದಲ್ಲಿ ನಾನು ಆಪರೇಟರ್. ಜಿಲ್ಲೆಯಲ್ಲಿರುವ ಕರೆಂಟಿನ ಹೃದಯಗಳ ವೋಲ್ಟು, ಆಂಪಿಯರು ಎಲ್ಲ ನಮ್ಮ ಪರದೆಗೆ ಬರುತ್ತವೆ. ಹೆಸರು ಬರುವುದಿಲ್ಲ, ಬರೀ ನಂಬರು. ನಮ್ಮವರದ್ದು ಯಾವ ನಂಬರು ಅಂತ ನಮಗೂ ಹೇಳುವುದಿಲ್ಲ. ಗೊತ್ತಾದರೆ ಕುರ್ಚಿ ಬಿಟ್ಟು ಏಳಬೇಕು, ಬೇರೆಯವರು ಬಂದು ಕೂರುತ್ತಾರೆ. ನಿಯಮ ಒಳ್ಳೆಯದೇ. ಒಂದು ದಿನವೂ ನಾನು ಅದನ್ನು ಮುರಿಯಬೇಕು ಅಂದುಕೊಂಡಿರಲಿಲ್ಲ.

ಅತ್ತೆಗೆ ಒಮ್ಮೆ ಇದನ್ನೆಲ್ಲ ತಿಳಿಸಿ ಹೇಳಿದ್ದೆ. ‘ದುರ್ಗದ ಬೈಲಿನಾಗ ದೀಪಾವಳಿ ಸಂತಿಗೆ ಮಂದಿ ತುಂಬಿರ್ತಾರಲ್ರೀ, ಹಿಂದಿನಿಂದ ನೂಕೋದು ವೋಲ್ಟ್. ಮುಂದ ಸರಿಯೋ ಮಂದಿ ಆಂಪಿಯರ್. ಸಂದಿ ಎಷ್ಟು ಇಕ್ಕಟ್ಟು ಐತಿ ಅನ್ನೋದು ಓಮ್, ಅಂದ್ರ ರೋಧ. ನೂಕಿದ್ದನ್ನ ಸರಿದದ್ದರಿಂದ ಭಾಗಿಸಿದ್ರ ಇಕ್ಕಟ್ಟು ಎಷ್ಟು ಅಂತ ಗೊತ್ತಾಗತೈತಿ.’

‘ಮತ್ತ ವ್ಯಾಟ್ ಅಂದ್ರ?’

‘ಎರಡೂ ಗುಣಿಸ್ಬೇಕು. ನೂಕಾಡಿ ಬಂದ ಬೆವರು ಅಂತ ತಿಳ್ಕೋರಿ.’

‘ಇಷ್ಟಕ್ಕ ನಿಮ್ಮಪ್ಪ ನಿನ್ನ ಅಷ್ಟ ವರ್ಷ ಓದಿಸಿದ್ನೇನ?’ ಅಂದಳು. ಅಂಥ ಹೆಂಗಸು.

ಈ ಅತ್ತೆ ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದು ಸಂಸಾರ ನಡೆಸಿದವಳು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಮಠಕ್ಕೆ, ಎಲ್ಲ ಕಡೆಗೂ ಅವಳ ಕೈಯ ರೊಟ್ಟಿ ಹೋಗುತ್ತಿತ್ತು. ಪಂಪು ಕೂಡಿಸಿದ ಮೇಲೆ ಡಾಕ್ಟರು ಬೇಡ ಅಂದರು. ನನ್ನ ಗಂಡ ರುದ್ರೇಶ ಅಂತೂ ಹಿಟ್ಟಿನ ಡಬ್ಬಿಯನ್ನೇ ಅಟ್ಟದ ಮೇಲಿಟ್ಟ. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಅತ್ತೆ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಒಗೆದ ಬಟ್ಟೆ ಮತ್ತೆ ಒಗೆಯುತ್ತಾಳೆ, ಮಡಚಿದ್ದನ್ನು ಬಿಡಿಸಿ ಮಡಚುತ್ತಾಳೆ. ‘ಕೈ ಕಟ್ಟಿ ಕುಂದ್ರಾಕ ಹೊಸಾ ಹೃದಯ ಯಾಕ ಬೇಕಿತ್ತು? ಹಳೇದಕ್ಕ ಅದು ಬರತಿತ್ತಲ್ಲ’ ಅಂತ ಒಮ್ಮೆ ಕೇಳಿದಳು.

ಆ ಸೋಮವಾರ ಮಧ್ಯಾಹ್ನ ನನ್ನ ಪರದೆಯ ಮೇಲೆ ಒಂದು ನಂಬರು ಹಸಿರಿನಿಂದ ಹಳದಿಗೆ ಹೋಯಿತು, ಮತ್ತೆ ಹಸಿರಾಯಿತು, ಮತ್ತೆ ಹಳದಿ. ಎಂಥದೋ ತಂತಿ ಸಡಿಲ ಆಗಿರಬೇಕು ಅಂತ ಬಿಟ್ಟೆ. ಮನಸ್ಸು ತಡೆಯಲಿಲ್ಲ, ಮತ್ತೆ ತೆಗೆದು ನೋಡಿದೆ. ನಮ್ಮ ಸಾಫ್ಟ್‌ವೇರಿಗೆ ಒಂದು ಕುರುಡುತನ ಇದೆ. ಅದು ಡಬ್ಬಿಯ ತುದಿಯಲ್ಲಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ವ್ಯಾಟ್ ತೋರಿಸುತ್ತದೆ ಅಷ್ಟೆ. ಆ ವ್ಯಾಟಿನಲ್ಲಿ ಹೃದಯ ಮುಟ್ಟಿದ್ದೆಷ್ಟು, ದಾರಿಯಲ್ಲೇ ಬಿಸಿಯಾಗಿ ಹೋದದ್ದೆಷ್ಟು, ಅದಕ್ಕೆ ಬೇಕಿಲ್ಲ. ಪಂಪಿನ ತುದಿಯ ವೋಲ್ಟು ಇನ್ನೊಂದು ಪುಟದಲ್ಲಿ ಬರುತ್ತದೆ. ಯಾರೂ ತೆಗೆದು ನೋಡುವುದಿಲ್ಲ.

ನಾನು ತೆಗೆದೆ. ಡಬ್ಬಿಯಲ್ಲಿ ಹದಿನಾಲ್ಕು, ಪಂಪಿನಲ್ಲಿ ಹದಿಮೂರೂವರೆ. ನಡುವೆ ಅರ್ಧ ವೋಲ್ಟ್ ಕಾಣೆಯಾಗುತ್ತಿತ್ತು. ಕರೆಂಟು ಅರ್ಧ ಆಂಪಿಯರ್. ಭಾಗಿಸಿದರೆ ತಂತಿಯ ರೋಧ ಒಂದು ಓಮ್. ಚೆನ್ನಾಗಿರುವ ತಂತಿಗೆ ಅದರ ಐದನೇ ಒಂದು ಭಾಗವೂ ಇರಬಾರದು. ಒಳಗೆ ಎಳೆಗಳು ತುಂಡಾಗುತ್ತಿದ್ದವು. ಆದರೆ ರೋಧ ಒಂದೇ ಸಮನೆ ನಿಂತಿರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಪಟಪಟ ಪಟಪಟ ಅಂತ ಕುಣಿಯುತ್ತಿತ್ತು. ಸ್ವಲ್ಪ ನಿಲ್ಲುತ್ತಿತ್ತು. ಮತ್ತೆ ಪಟಪಟ.

ನಮ್ಮ ಮುಖ್ಯಸ್ಥ ಹಿರೇಗೌಡರ ಸರ್‌ಗೆ ತೋರಿಸಿದೆ. ‘ವ್ಯಾಟ್ ಎಷ್ಟೈತಿ?’ ಅಂದರು.

‘ಏಳರ ಆಸುಪಾಸು ಸರ್. ಆದ್ರ ರೋಧ...’

‘ವ್ಯಾಟ್ ಸರಿ ಐತಿ ಅಂದ್ರ ಸರಿ ಐತಿ ಬಿಡ್ರಿ ಮಹಾನಂದಾ. ಯಾರೋ ಟಂಟಂ ಗಾಡಿಯಾಗ ಹೊಂಟಿರ್ತಾರ. ನಮ್ಮ ರಸ್ತೆ ನಿಮಗ ಗೊತ್ತಿಲ್ಲೇನ? ಟೆಕ್ನಿಷಿಯನ್‌ಗೆ ಬರೆದು ಹಾಕ್ರಿ, ಈ ವಾರ ಹೋಗಿ ನೋಡ್ತಾರ.’

ಬರೆದು ಹಾಕಿದೆ. ಆದರೂ ಆ ಕುಣಿತ ತಲೆಯಿಂದ ಹೋಗಲಿಲ್ಲ. ರಸ್ತೆಯ ಗುಂಡಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು?

ಸಂಜೆ ಮನೆಗೆ ಬಂದರೆ ಅತ್ತೆ ಬಹಳ ಖುಷಿಯಲ್ಲಿದ್ದಳು. ನನಗೆ ಚಹಾ ಮಾಡಿಕೊಟ್ಟಳು. ಬೈಯಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅಟ್ಟದಿಂದ ಹಿಟ್ಟಿನ ಡಬ್ಬಿ ಇಳಿಸಿ ನಾನೇ ರೊಟ್ಟಿ ಬಡಿಯಲು ಕೂತೆ. ಕೂತು ಎರಡು ಏಟು ಬಡಿದೆ ನೋಡಿ, ಕೈ ಅಲ್ಲೇ ನಿಂತಿತು. ಪಟಪಟ, ಪಟಪಟ. ಆಮೇಲೆ ಎತ್ತಿ ಹಂಚಿಗೆ ಹಾಕುವಷ್ಟು ಹೊತ್ತು ಸುಮ್ಮನೆ. ಮತ್ತೆ ಪಟಪಟ.

‘ಅಯ್ಯ ಶಿವನೇ! ಟಂಟಂ ಅಲ್ಲ, ರೊಟ್ಟಿ!’ ಅಂತ ಕೂಗಿಬಿಟ್ಟೆ.

‘ಏನಾತ?’ ಅಂತ ಅತ್ತೆ ಹೊರಗಿಂದ ಬಂದಳು. ನನ್ನ ರೊಟ್ಟಿ ನೋಡಿ, ‘ಇದೇನ ರೊಟ್ಟಿಯೋ ಕರ್ನಾಟಕದ ನಕಾಶೆಯೋ?’ ಅಂದಳು.

ನಾನು ನಗಲಿಲ್ಲ. ‘ಅತ್ತಿ, ನಿಮ್ಮಂಗ ಪಂಪು ಹಾಕಿಸಿಕೊಂಡ ಯಾರೋ ಒಬ್ಬಾಕಿ ಕದ್ದು ರೊಟ್ಟಿ ಬಡಿಯಾಕತ್ತಾಳ. ಬಡಿಯಾಕ ಬಗ್ಗಿ ಏಳ್ತಾರಲ್ಲ, ಪ್ರತಿ ಏಟಿಗೂ ಸೊಂಟದಾಗಿನ ತಂತಿ ಮಡಚಿ ಬಿಚ್ಚತೈತಿ. ಒಳಗಿನ ಎಳಿ ಒಂದೊಂದ ಹರಿಯಾಕತ್ತಾವು.’

‘ಪೂರಾ ಹರದ್ರ?’

‘ಪಂಪು ನಿಲ್ಲತೈತಿ.’

ಅತ್ತೆ ಹಂಚಿನ ಕಡೆ ಬೆರಳು ಮಾಡಿದಳು. ‘ಪಾಪ, ಯಾರೋ ಏನೋ. ಹೊತ್ತಾಕತ್ತೈತಿ ನೋಡು, ತಿರುವಿ ಹಾಕು’ ಅಂದು ಹೊರಗೆ ಹೋದಳು. ನನ್ನ ತಲೆಯೋ ತಲೆ. ಆಗಲೂ ನನಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಆ ನಂಬರನ್ನು ಪರದೆಯ ಮೂಲೆಯಲ್ಲಿ ತೆರೆದೇ ಇಟ್ಟುಕೊಂಡಿದ್ದೆ. ಟೆಕ್ನಿಷಿಯನ್‌ಗೆ ಎರಡು ಸಲ ಫೋನ್ ಮಾಡಿದೆ. ‘ಬರೆದದ್ದು ಸಿಕ್ಕೈತ್ರೀ ಮೇಡಂ, ಸರದಿ ಪ್ರಕಾರ ಹೋಗ್ತೀವಿ’ ಅಂದ. ಪರದೆಯಲ್ಲಿ ರೋಧ ತೋರಿಸುವ ಗೆರೆ ಸುಮ್ಮನೆ ಮಲಗಿತ್ತು. ಒಳ್ಳೆಯದಾಯಿತು, ಯಾರೋ ಮನೆಯವರು ಗದರಿಸಿರಬೇಕು ಅಂದುಕೊಂಡೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗೆರೆ ಎದ್ದಿತು.

ಪಟಪಟ, ಪಟಪಟ. ಊಟ ಸರಿಸಿ ಕಾಗದ ಎಳೆದುಕೊಂಡೆ. ಕೈಯಲ್ಲೇ ಲೆಕ್ಕ ಹಾಕಿದೆ. ಪಂಪಿನ ತುದಿಯಲ್ಲಿ ಹನ್ನೆರಡೂವರೆ ವೋಲ್ಟ್ ಮಾತ್ರ. ದಾರಿಯಲ್ಲಿ ಒಂದೂವರೆ ವೋಲ್ಟ್ ಹೋಗುತ್ತಿತ್ತು. ಈ ಪಂಪಿನ ಗುಣ ಏನೆಂದರೆ, ವೋಲ್ಟು ಕಮ್ಮಿ ಸಿಕ್ಕರೆ ಅದು ಸುಮ್ಮನಿರುವುದಿಲ್ಲ, ತನ್ನ ಕೆಲಸಕ್ಕೆ ಬೇಕಾದಷ್ಟು ವ್ಯಾಟಿಗಾಗಿ ಇನ್ನಷ್ಟು ಕರೆಂಟು ಎಳೆಯುತ್ತದೆ. ಸೊನ್ನೆ ಬಿಂದು ಆರು ಆಂಪಿಯರ್ ಎಳೆಯುತ್ತಿತ್ತು. ಒಂದೂವರೆ ಭಾಗಿಸು ಸೊನ್ನೆ ಬಿಂದು ಆರು, ಎರಡೂವರೆ ಓಮ್. ಒಂದೂವರೆ ಗುಣಿಸು ಸೊನ್ನೆ ಬಿಂದು ಆರು, ಹತ್ತಿರ ಹತ್ತಿರ ಒಂದು ವ್ಯಾಟ್. ಅಷ್ಟೂ ಬಿಸಿ, ಕೂದಲೆಳೆಯಂಥ ನಾಲ್ಕೈದು ಎಳೆಗಳ ಮೇಲೆ, ಒಂದೇ ಜಾಗದಲ್ಲಿ, ಮೈಗೆ ಅಂಟಿಕೊಂಡು. ಬಿಸಿಯಾದಷ್ಟೂ ಎಳೆ ಹರಿಯುತ್ತದೆ, ಹರಿದಷ್ಟೂ ರೋಧ ಏರುತ್ತದೆ, ಏರಿದಷ್ಟೂ ಪಂಪು ಹೆಚ್ಚು ಎಳೆಯುತ್ತದೆ. ಇದು ಸಂಜೆಯ ತನಕ ತಡೆಯುವ ಮಾತಲ್ಲ.

ಸಾಫ್ಟ್‌ವೇರು ಮಾತ್ರ ಎಂಟು ಚಿಲ್ಲರೆ ವ್ಯಾಟ್ ತೋರಿಸುತ್ತ ಹಳದಿಯಲ್ಲೇ ಕೂತಿತ್ತು. ಹತ್ತು ದಾಟಿದರೆ ತಾನೇ ಅದಕ್ಕೆ ಕೆಂಪು? ಥೂ ಇದರ!

ಆಗ ಕೇಳಿಸಿತು. ಕೇಳಿಸಿತು ಅನ್ನಬೇಕೋ, ಕಂಡಿತು ಅನ್ನಬೇಕೋ. ಗೆರೆ ಪಟಪಟ ಅಂತ ಜೋರಾಗಿ ಓಡಿ, ಕೊನೆಯಲ್ಲಿ ನಿಧಾನವಾಗಿ ಪಟ್, ಪಟ್, ಪಟ್ ಅಂತ ಮೂರು ಏಟು ಹಾಕಿ ನಿಂತಿತು. ಮುಂದಿನ ರೊಟ್ಟಿಗೂ ಅಷ್ಟೇ. ಅದರ ಮುಂದಿನದಕ್ಕೂ ಅಷ್ಟೇ. ನಮ್ಮ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆಯ ರೊಟ್ಟಿ ಅಂತ ಹೇಳಬಹುದು. ಬಡಿದಾದ ಮೇಲೆ ಅಂಚಿಗೆ ಮೂರು ಏಟು ಹಾಕಿ ದುಂಡಗೆ ಮಾಡುವ ಕೈ ಒಂದೇ ಒಂದು. ನಾನು ಮದುವೆಯಾಗಿ ಬಂದ ಮೊದಲನೇ ಬೆಳಿಗ್ಗೆ ಎದ್ದದ್ದೇ ಆ ಸಪ್ಪಳಕ್ಕೆ.

ಅದು ನಮ್ಮ ಅತ್ತೆಯ ಕೈ. ಮನೆಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ರುದ್ರೇಶ ರೈಲ್ವೆ ವರ್ಕ್‌ಶಾಪಿನಲ್ಲಿ, ಒಳಗೆ ಫೋನ್ ಬಿಡುವುದಿಲ್ಲ. ಎಲ್ಲಿ ಬಡಿಯುತ್ತಿರಬಹುದು ಅಂತ ಯೋಚಿಸುವುದೂ ಬೇಕಿರಲಿಲ್ಲ. ಹಿಂದಿನ ಓಣಿಯ ಕಸ್ತೂರವ್ವನ ಮಗಳ ಮದುವೆ, ಅಂಗಳದಲ್ಲಿ ಒಲೆ ಹಾಕಿದ್ದರು. ಅವಳ ನಂಬರು ನನ್ನ ಹತ್ತಿರ ಇರಲಿಲ್ಲ. ಡಬ್ಬಿಯ ಬಜರ್ ಇಲ್ಲಿಂದಲೇ ಬಾರಿಸಿದೆ. ಬಡಿತ ನಿಲ್ಲಲಿಲ್ಲ. ಗೊತ್ತು ನನಗೆ, ಹಳೇ ಸೀರೆಯ ತುಂಡನ್ನು ಅದಕ್ಕೆ ನಾಲ್ಕು ಸುತ್ತು ಸುತ್ತಿ ಉಡಿಯೊಳಗೆ ಸಿಕ್ಕಿಸಿರುತ್ತಾಳೆ. ಹಿಟ್ಟು ತಾಗಬಾರದಲ್ಲ!

‘ಸರ್, ಅಂಬುಲೆನ್ಸ್ ಕಳಿಸ್ಬೇಕು. ಈಗ.’

ಹಿರೇಗೌಡರ ಸರ್ ಬಂದು ನೋಡಿದರು. ‘ಹಳದಿ ಐತಲ್ರೀ?’

ಕಾಗದದ ಮೇಲಿನ ಲೆಕ್ಕ ಅವರ ಮುಂದೆ ಹಿಡಿದೆ. ಕೆಟ್ಟ ಮನುಷ್ಯರಲ್ಲ ಅವರು. ಓದಿದರು, ಮುಖ ಬಿಗಿಯಿತು, ಅಂಬುಲೆನ್ಸಿಗೆ ತಾವೇ ಫೋನ್ ಹಚ್ಚಿದರು. ಡಬ್ಬಿ ಎಲ್ಲಿದೆ ಅಂತ ಅಂಬುಲೆನ್ಸಿನವರ ಪರದೆಗೆ ನೇರ ಹೋಗುತ್ತದೆ. ಆದರೆ ಅಂಬುಲೆನ್ಸ್ ಆ ಓಣಿ ಮುಟ್ಟುವುದರೊಳಗೆ ಇನ್ನೆಷ್ಟು ರೊಟ್ಟಿ? ಒಂದೊಂದು ರೊಟ್ಟಿಗೂ ರೋಧ ಏರುತ್ತಿತ್ತು.

ಅವಳ ಕೈ ನಿಲ್ಲಿಸಲು ನನ್ನ ಹತ್ತಿರ ಇದ್ದದ್ದು ಒಂದೇ ದಾರಿ. ಪಂಪಿನ ವೇಗ. ಅಪಾಯದ ಹೊತ್ತಿನಲ್ಲಿ ಆಪರೇಟರ್ ತನ್ನ ಜವಾಬ್ದಾರಿಯ ಮೇಲೆ ವೇಗ ಇಳಿಸಬಹುದು. ಇಳಿಸಿದರೆ ಎರಡು ಕೆಲಸ ಆಗುತ್ತವೆ. ಕರೆಂಟು ಅರ್ಧವಾದರೆ ತಂತಿಯ ಬಿಸಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಬಿಸಿಯ ಲೆಕ್ಕದಲ್ಲಿ ಕರೆಂಟನ್ನು ಕರೆಂಟಿನಿಂದಲೇ ಗುಣಿಸಬೇಕು. ಎರಡನೆಯದು, ರಕ್ತ ಕಮ್ಮಿಯಾಗಿ ಅವಳ ಕೈಕಾಲು ಸೋಲುತ್ತವೆ, ಬಡಿಯಲು ಆಗುವುದಿಲ್ಲ, ಮಲಗುತ್ತಾಳೆ. ಜಾಸ್ತಿ ಇಳಿದರೆ ಮೂರನೆಯದೂ ಆಗುತ್ತದೆ. ಅರವತ್ತೆಂಟರ ಹೆಂಗಸು, ದುಡಿಯದ ಹೃದಯ.

‘ಇವರು ಯಾರು ಅಂತ ಗೊತ್ತಾ ನಿಮಗ?’ ಅಂತ ಸರ್ ಕೇಳಿದರು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಹೌದು ಅಂದರೆ ಕುರ್ಚಿ ಬಿಡಬೇಕು. ಬೇರೆಯವರು ಬಂದು ಕೂತು, ಮೊದಲಿನಿಂದ ಓದಿ, ಡಾಕ್ಟರಿಗೆ ಫೋನ್ ಮಾಡಿ...

‘ಇಲ್ಲ ಸರ್’ ಅಂದೆ.

ಇಳಿಸಿದೆ. ಒಂದೊಂದೇ ಮೆಟ್ಟಿಲು. ಕರೆಂಟು ಸೊನ್ನೆ ಬಿಂದು ಆರರಿಂದ ಸೊನ್ನೆ ಬಿಂದು ಐದಕ್ಕೆ ಬಂತು, ನಾಲ್ಕೂವರೆಗೆ ಬಂತು. ಬಡಿತ ನಿಧಾನವಾಯಿತು. ಆದರೂ ಬಡಿಯುತ್ತಿದ್ದಳು, ಹಟಮಾರಿ! ‘ಸಾಕು ಬಿಡ್ರಿ ಅತ್ತಿ, ಮಲಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ’ ಅಂತ ಬಾಯಲ್ಲೇ ಬೇಡಿಕೊಂಡೆ. ನಾಲ್ಕಕ್ಕೆ ತಂದೆ. ರೊಟ್ಟಿಗೂ ರೊಟ್ಟಿಗೂ ನಡುವೆ ಬಿಡುವು ಉದ್ದವಾಯಿತು. ಮೂರಕ್ಕೆ ತಂದೆ, ಅದೇ ಅರ್ಧ. ಪಟಪಟ ಅಂತ ಒಂದು ಓಟ ಶುರುವಾಯಿತು. ಕೊನೆಯ ಮೂರು ಏಟು ಬರಲಿಲ್ಲ.

ಗೆರೆ ನೆಟ್ಟಗಾಯಿತು. ಸೊನ್ನೆ ಬಿಂದು ಮೂರು ಆಂಪಿಯರ್ ಹರಿಯುತ್ತಿತ್ತು, ಅಂದರೆ ಪಂಪು ತಿರುಗುತ್ತಿತ್ತು. ಅಷ್ಟೇ ಗೊತ್ತು. ಕುಳಿತಿದ್ದಾಳೋ, ಬಿದ್ದಿದ್ದಾಳೋ, ಉಸಿರಾಡುತ್ತಿದ್ದಾಳೋ, ಅದನ್ನು ಯಾವ ಭಾಗಾಕಾರವೂ ಹೇಳುವುದಿಲ್ಲ. ಆಮೇಲೆ ಸರ್ ಕಡೆ ತಿರುಗಿ, ‘ಆಕೀ ನಮ್ಮತ್ತಿ ಸರ್. ಇನ್ನ ನೀವು ಕುಂದ್ರಿ’ ಅಂದು ಸ್ಕೂಟಿಯ ಕೀಲಿ ತಗೊಂಡು ಓಡಿದೆ. ಹಿಂದಿನಿಂದ ಅವರು ಏನೋ ಕೂಗಿದರು. ನಿಂತು ಕೇಳಲಿಲ್ಲ.

ಕಸ್ತೂರವ್ವನ ಅಂಗಳದಲ್ಲಿ ಹೆಂಗಸರ ಗುಂಪು. ನಡುವೆ ಚಾಪೆಯ ಮೇಲೆ ಅತ್ತೆ. ಅಂಬುಲೆನ್ಸಿನವರು ಆಗಲೇ ಬಂದು ಮುಖಕ್ಕೆ ಆಕ್ಸಿಜನ್ ಹಿಡಿದಿದ್ದರು. ಕೈಗೆ ಮೊಣಕೈ ತನಕ ಹಿಟ್ಟು. ಕಣ್ಣು ತೆರೆದಿದ್ದವು. ಬದುಕಿದ್ದಾಳೆ ಅಂತ ಗೊತ್ತಾದ ಕೂಡಲೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

‘ನಿನ್ನೆ ಅಷ್ಟ ಹೇಳೀನಿ ನಾ! ಪಾಪ ಯಾರೋ ಏನೋ ಅಂದ್ರಲ್ಲ, ನಾಚಿಕಿ ಬರಲಿಲ್ಲೇನ್ರೀ ನಿಮಗ?’

ಆಕ್ಸಿಜನ್ ಸರಿಸಿ, ‘ಇವತ್ತೊಂದ ದಿನ ಅಂತ ಬಂದಿದ್ದೆ’ ಅಂದಳು. ‘ಕಸ್ತೂರಿಗೆ ಮಾತು ಕೊಟ್ಟಿದ್ದೆ. ಆದ್ರ ಒಮ್ಮೆಲೆ ಕೈಯಾಗಿನ ಬಲಾನ ಹೋತು ಯವ್ವಾ. ಕಣ್ಣಿಗೆ ಕತ್ತಲಿ ಬಂತು.’

ಅವಳ ಉಡಿಯಿಂದ ಡಬ್ಬಿ ಬಿಡಿಸಿದೆ. ತಂತಿ ಹೊರಬರುವ ಜಾಗದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಕಂದಿತ್ತು. ಕೆಳಗೆ ಚರ್ಮದ ಮೇಲೆ ಬೆರಳಗಲ ಸುಟ್ಟ ಗಾಯ.

‘ಬಲ ತಾನಾಗಿ ಹೋಗಲಿಲ್ಲ ಅತ್ತಿ. ನಾನ ಇಳಿಸಿದೆ. ಇಲ್ಲಾಂದ್ರ ಇದು ಹರದ ಹೋಗ್ತಿತ್ತು.’

ಅವಳು ನನ್ನನ್ನೇ ನೋಡಿದಳು. ಆಸ್ಪತ್ರೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

ತಂತಿ ಬದಲಾಯಿಸಿದರು. ಹೊಸದು ದಪ್ಪ, ಸೊಂಟದ ಬದಲು ಪಕ್ಕೆಯ ಮೇಲಿನಿಂದ ಬರುವಂತೆ ಕೂಡಿಸಿದರು. ನಿಯಮ ಮುರಿದದ್ದಕ್ಕೆ ನನ್ನನ್ನು ಪರದೆಯಿಂದ ತೆಗೆದು ಕೇಂದ್ರದ ಬೇರೆ ಕೋಣೆಗೆ ಹಾಕಿದರು. ಪಂಪಿನ ತುದಿಯ ವೋಲ್ಟನ್ನು ಮೊದಲನೇ ಪುಟಕ್ಕೆ ತಂದರು ಅಂತ ಹಿರೇಗೌಡರ ಸರ್ ಫೋನ್ ಮಾಡಿ ಹೇಳಿದರು. ಸಂತೋಷವಾಯಿತು ಅಂದೆ. ಮನಸ್ಸೆಲ್ಲ ಆ ಮಾತಾಡದ ಹೆಂಗಸಿನ ಮೇಲೆ. ರುದ್ರೇಶನ ಜೊತೆ ಮಾತಾಡುತ್ತಾಳೆ, ನರ್ಸಿನ ಜೊತೆ ಮಾತಾಡುತ್ತಾಳೆ, ನಾನು ಹೋದರೆ ಗೋಡೆ ಕಡೆ ಹೊರಳುತ್ತಾಳೆ. ನಾನು ವಾರ್ಡಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ನಾನೇನು ತಪ್ಪು ಮಾಡಿದೆ? ಜೀವ ಉಳಿಸಿದ್ದು ತಪ್ಪಾ?

ಮನೆಗೆ ಕಳಿಸುವ ದಿನ ಡಾಕ್ಟರ್ ತೇಜಸ್ವಿನಿ ಬಂದರು. ನಾನೂ ರುದ್ರೇಶನೂ ಅವರ ಹಿಂದೆ ಹೋಗಿ ಮಂಚದ ಹತ್ತಿರ ನಿಂತೆವು.

‘ಅಮ್ಮಾ, ಹೊಸಾ ಡಬ್ಬಿಗೆ ಒಂದು ವ್ಯವಸ್ಥೆ ಬಂದಿದೆ. ತುರ್ತು ಹೊತ್ತಿನಲ್ಲಿ ನಿಮ್ಮ ಹೃದಯದ ವೇಗ ಬದಲಿಸೋಕೆ ಮನೆಯವರಲ್ಲಿ ಒಬ್ಬರಿಗೆ ಅಧಿಕಾರ ಕೊಡಬಹುದು. ಅವರ ಫೋನಿನಿಂದಲೇ ಮಾಡಬಹುದು. ಯಾರ ಹೆಸರು ಹೇಳ್ತೀರಿ?’

‘ಮಹಾನಂದಾಂದ ಹಾಕ್ರಿ’ ಅಂದ ರುದ್ರೇಶ. ‘ಇನ್ಯಾರದ ಹಾಕ್ತಾರ? ಆಕೀನ ಉಳಿಸ್ಯಾಳ.’

‘ಉಳಿಸ್ಯಾಳ, ಖರೇ’ ಅಂದಳು ಅತ್ತೆ. ‘ಆಕೀಗೆ ಬ್ಯಾಡ.’

ನನ್ನ ಮುಖ ಬಿದ್ದುಹೋಯಿತು. ‘ಯಾಕ ಅತ್ತಿ?’ ಅಂದೆ.

ಅಂದು ಮೊದಲ ಸಲ ನನ್ನ ಕಡೆ ಹೊರಳಿದಳು. ‘ನೀ ಅಲ್ಲಿ ಕುಂತು ಗ್ಯಾಸ್ ಸಣ್ಣ ಮಾಡಿದಂಗ ನನ್ನ ಸಣ್ಣ ಮಾಡಿದಿ. ನಿನಗ ಗೊತ್ತಿತ್ತು ನಾ ಸಾಯಂಗಿಲ್ಲ ಅಂತ. ನನಗ ಗೊತ್ತಿತ್ತೇನ? ನಾ ಸತ್ತೆ ಅಂತನ ತಿಳಕೊಂಡೆ ನಂದಾ. ಆ ಹಂಚಿನ ಮುಂದ ಬಿದ್ದು, ಇನ್ನ ಮುಗೀತು ಅಂತ ಎಲ್ಲಾರ್ನೂ ನೆನಸಿದೆ. ಇವನ್ನ ನೆನಸಿದೆ, ಇವರಪ್ಪನ್ನ ನೆನಸಿದೆ. ನಿನ್ನ ಸುದ್ದಾ ನೆನಸಿದೆ. ನಂದಾ ಬರೂದ್ರಾಗ ಜೀವ ಹೋಗತೈತಿ, ಆಕೀ ಮಾರಿ ನೋಡೂದು ಆಗಲಿಲ್ಲ ಅಂತ ಅತ್ತುಬಿಟ್ಟೆ. ನಾ ಹಂಗ ಅಳೋ ಹೊತ್ತಿನಾಗ ನೀನ ಇಳಿಸಾಕತ್ತಿದ್ದಿ.’

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

‘ಹಂಗ ಒಮ್ಮೆ ಸತ್ತು ನೋಡೀನಿ, ಸಾಕು’ ಅಂದಳು ಅತ್ತೆ. ‘ಯಾರ ಹೆಸರೂ ಬರೀಬ್ಯಾಡ್ರಿ ಡಾಕ್ಟರ. ನನ್ನ ನಿಲ್ಲಸಬೇಕಾದ್ರ ಈಕೀ ಬಂದು ಕೈ ಹಿಡೀಲಿ. ಬೈಲಿ, ಹೊಡೀಲಿ, ಹಂಚು ಎತ್ತಿ ಒಗೀಲಿ. ಈಕೀ ಮಾರಿ ಕಾಣಬೇಕು ನನಗ.’

ನನಗೆ ಅಳು ತಡೆಯಲಾಗಲಿಲ್ಲ. ಸಿಟ್ಟಿಗೋ, ದುಃಖಕ್ಕೋ, ಅವಳು ಹೇಳಿದ್ದು ಸರಿ ಅನ್ನಿಸಿದ್ದಕ್ಕೋ, ಎಲ್ಲಕ್ಕೂ ಸೇರಿ ಅತ್ತುಬಿಟ್ಟೆ. ಮತ್ತೆ ಅಂಥ ಹೊತ್ತು ಬಂದರೆ ನಾನು ಹೋಗಿ ಮುಟ್ಟುವುದರೊಳಗೆ ಏನಾದರೂ ಆಗಿಬಿಡಬಹುದು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದಳು.

‘ಹಾಗಾದ್ರೆ ಖಾಲಿ ಬಿಡ್ತೀನಮ್ಮಾ’ ಅಂದರು ಡಾಕ್ಟರು.

‘ಬಿಡ್ರಿ’ ಅಂದಳು. ಆಮೇಲೆ ಮಂಚದಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು. ‘ಕುಂದ್ರು ಬಾ. ಮುಂಜಾನಿಂದ ತಿರಗಾಡಾಕತ್ತಿ, ಕಾಲು ನೋಯ್ತಾವ.’